ಕರಟ, ಸಿಪ್ಪೆ, ಕಚ್ಚಾತೈಲ: ಶಕ್ತಿ ಯೋಜನೆಯ ತಂತ್ರಾಂಶದಲ್ಲಿ ಇಂಧನ ಸಂಸ್ಕರಣ ಘಟಕಗಳ ನಿರೂಪಣೆ

ಮೆಟ್ಟುಪಾಳಯದಿಂದ ಸತ್ಯಮಂಗಲದ ಕಡೆಗೆ ಸಾಗುವ ದಾರಿಯಲ್ಲಿ, ಭವಾನಿ ನದಿಯ ದಡದಲ್ಲಿ ಸಿರುಮುಗೈ ಇದೆ. ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರು ನೆಲೆಸಿರುವ ಕೊಯಮತ್ತೂರು ಸೀಮೆಯ ಊರುಗಳಲ್ಲಿ ಅದೂ ಒಂದು; ಮೃದು ರೇಷ್ಮೆಯ ಸೀರೆಗೆ ಹೆಸರಾದುದು. ರೇಷ್ಮೆ ನೇಯುವವರಿಗೆಲ್ಲ ಒಂದು ಲೆಕ್ಕ ಕರಗತವಾಗಿರುತ್ತದೆ. ಒಂದು ಕಿಲೊ ಕಚ್ಚಾ ರೇಷ್ಮೆಯನ್ನು ಸೋಪು, ಸೋಡ ಹಾಕಿದ ನೀರಿನಲ್ಲಿ ಕುದಿಸಿ ಅಂಟು ಬಿಡಿಸಿದರೆ ಕೈಗೆ ಬರುವುದು ಸುಮಾರು ಮುಕ್ಕಾಲು ಕಿಲೊ. ಉಳಿದ ಕಾಲು ಭಾಗ ಅಂಟಾಗಿ ನೀರಿಗೆ ಹೋಗುತ್ತದೆ. ಕೊಟ್ಟದ್ದೆಷ್ಟು, ಬಂದದ್ದೆಷ್ಟು, ಉಳಿದದ್ದು ಎಲ್ಲಿ ಹೋಯಿತು, ಕುದಿಸಲು ಉರಿ ಎಲ್ಲಿಂದ ಬಂತು ಎಂಬ ನಾಲ್ಕು ಪ್ರಶ್ನೆಗಳಲ್ಲಿ ಆ ಕೆಲಸದ ಲೆಕ್ಕವೆಲ್ಲ ಮುಗಿಯುತ್ತದೆ.

ಶಕ್ತಿ ಯೋಜನೆಗಾಗಿ ರೂಪಿಸಿದ ಗಣಕ ತಂತ್ರಾಂಶಗಳಲ್ಲಿ ತೈಲ ಶುದ್ಧೀಕರಣಾಗಾರ, ಇದ್ದಿಲು ಗೂಡು, ಎಥೆನಾಲ್ ಭಟ್ಟಿ, ಜೈವಿಕ ಅನಿಲ ಸ್ಥಾವರ ಮುಂತಾದ ಇಂಧನ ಸಂಸ್ಕರಣ ಘಟಕಗಳನ್ನು ನಿರೂಪಿಸುವಾಗಲೂ ಕೇಳಬೇಕಾದವು ಇವೇ ನಾಲ್ಕು ಪ್ರಶ್ನೆಗಳು. ಮೊದಲೆರಡಕ್ಕೆ ಉತ್ತರ ಕೊಡುವುದು ಸುಲಭ, ಅಂಕಿಗಳು ದೊರೆಯುತ್ತವೆ. ಯೋಜನೆಗಳು ದಾರಿ ತಪ್ಪುವುದು ಹೆಚ್ಚಾಗಿ ಕೊನೆಯ ಎರಡರಲ್ಲಿ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಹಾಗೂ ಕರ್ನಾಟಕದ ನಿದರ್ಶನಗಳ ಮೂಲಕ ಈ ಮಾತನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಂತ್ರಾಂಶದ ಸ್ವರೂಪ

ಈ ಬಗೆಯ ತಂತ್ರಾಂಶಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವುದು ‘ಲೀಪ್’. 1980ರಲ್ಲಿ ಕೆನ್ಯಾ ದೇಶದ ಸೌದೆ ಸಮಸ್ಯೆಯ ಅಧ್ಯಯನಕ್ಕಾಗಿ ಇದರ ಮೊದಲ ರೂಪ ಸಿದ್ಧವಾಯಿತು. ಬಳಿಕ ಸ್ಟಾಕ್‌ಹೋಮ್ ಪರಿಸರ ಸಂಸ್ಥೆ ಇದನ್ನು ಬೆಳೆಸಿತು. ಉರಿಯುವ ಒಲೆಯ ಪ್ರಶ್ನೆಯಿಂದ ಹುಟ್ಟಿದ ತಂತ್ರಾಂಶವಾದ್ದರಿಂದ ವಿದ್ಯುತ್ ಸ್ಥಾವರಗಳಷ್ಟೇ ಗಮನವನ್ನು ಇದು ಇದ್ದಿಲಿನಂಥ ಇಂಧನಗಳಿಗೂ ಕೊಡುತ್ತದೆ.

ಲೀಪ್‌ನ ರಚನೆಯಲ್ಲಿ ಮೂರು ಹಂತಗಳಿವೆ. ಮೊದಲನೆಯದು ಬೇಡಿಕೆ: ಮನೆ, ಕಾರ್ಖಾನೆ, ಸಾರಿಗೆ, ಕೃಷಿಗಳಲ್ಲಿ ಯಾವ ಇಂಧನ ಎಷ್ಟು ಬೇಕು ಎಂಬುದು. ಎರಡನೆಯದು ಪರಿವರ್ತನೆ: ಒಂದು ಇಂಧನವನ್ನು ಇನ್ನೊಂದಾಗಿ ಮಾರ್ಪಡಿಸುವ ಘಟಕಗಳು. ಮೂರನೆಯದು ಸಂಪನ್ಮೂಲ: ಕಾಡು, ಗಣಿ, ಬೆಳೆ, ಆಮದು. ಗಣನೆ ಸಾಗುವುದು ಬೇಡಿಕೆಯಿಂದ ಸಂಪನ್ಮೂಲದ ಕಡೆಗೆ, ಅಂದರೆ ನಿಜ ಜೀವನದಲ್ಲಿ ಇಂಧನ ಹರಿಯುವ ದಿಕ್ಕಿಗೆ ಎದುರಾಗಿ. ಒಲೆಯಲ್ಲಿ ಇಷ್ಟು ಇದ್ದಿಲು ಉರಿಯಿತು. ಹಾಗಾದರೆ ಗೂಡಿನಲ್ಲಿ ಇಷ್ಟು ಮರ ಬೆಂದಿರಬೇಕು. ಹಾಗಾದರೆ ಕಾಡಿನಿಂದ ಇಷ್ಟು ಮರ ಬಂದಿರಬೇಕು ಎಂಬ ತರ್ಕ ಇದರದು.

ಪರಿವರ್ತನೆಯ ಹಂತದಲ್ಲಿ ಪ್ರತಿಯೊಂದು ಘಟಕವನ್ನೂ ಕೆಲವೇ ಅಂಶಗಳಲ್ಲಿ ಬಣ್ಣಿಸಲಾಗುತ್ತದೆ. ಒಳಸುರಿಯಾಗುವ ಇಂಧನ, ಹೊರಬರುವ ಇಂಧನ ಅಥವಾ ಇಂಧನಗಳು, ದಕ್ಷತೆ, ಉತ್ಪಾದನಾ ಸಾಮರ್ಥ್ಯ, ಘಟಕ ನಡೆಯಲು ಬೇಕಾದ ಪೂರಕ ಇಂಧನ, ತನ್ನ ಹುಟ್ಟುವಳಿಯಲ್ಲೇ ಘಟಕ ಬಳಸಿಕೊಳ್ಳುವ ಪಾಲು ಇವು ಮುಖ್ಯವಾದವು. ಇವುಗಳ ಜೊತೆಗೆ ಎರಡು ನಿಯಮಗಳನ್ನು ಆರಿಸಬೇಕು. ಬೇಡಿಕೆಗಿಂತ ಕಡಿಮೆ ಉತ್ಪಾದನೆಯಾದರೆ ಕೊರತೆಯನ್ನು ಆಮದಿನಿಂದ ತುಂಬಬೇಕೇ, ಹಾಗೆಯೇ ಬಿಡಬೇಕೇ? ಬೇಡಿಕೆಗಿಂತ ಹೆಚ್ಚಾದರೆ ಮಿಗತೆಯನ್ನು ರಫ್ತೆಂದು ಎಣಿಸಬೇಕೇ, ನಷ್ಟವೆಂದೇ? ಪರದೆಯ ಮೇಲೆ ಇವು ಒಂದೊಂದು ಸಾಲಿನ ಆಯ್ಕೆಗಳು. ಯೋಜನೆಯ ಫಲಿತಾಂಶವನ್ನು ತಲೆಕೆಳಗು ಮಾಡಲು ಅಷ್ಟೇ ಸಾಕು.

ತೂಕವೂ ಶಕ್ತಿಯೂ: ಕಾಂಗೇಯಂನ ಕರಟ

ಅತ್ಯಂತ ಸರಳ ಘಟಕವೆಂದರೆ ಒಂದು ಒಳಸುರಿ, ಒಂದು ಹುಟ್ಟುವಳಿ ಇರುವಂಥದು. ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಸೀಮೆ ಕೊಬ್ಬರಿಗೂ ಕೊಬ್ಬರಿ ಎಣ್ಣೆಗೂ ಹೆಸರಾದುದು. ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟವನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡುವ ಘಟಕಗಳೂ ಅಲ್ಲಿವೆ.

ಸುಲಭ ಲೆಕ್ಕಕ್ಕಾಗಿ ಪೂರ್ಣಾಂಕಗಳನ್ನು ಹಿಡಿದರೆ, 10 ಕಿಲೊ ಒಣ ಕರಟದಿಂದ ಸುಮಾರು 3 ಕಿಲೊ ಇದ್ದಿಲು ದೊರೆಯುತ್ತದೆ. ತೂಕದ ಇಳುವರಿ ಶೇ. 30. ಆದರೆ ಕರಟದ ಒಂದು ಕಿಲೊದಲ್ಲಿ ಸುಮಾರು 18 ಮೆಗಾಜೌಲ್ ಶಕ್ತಿಯಿದ್ದರೆ ಇದ್ದಿಲಿನ ಒಂದು ಕಿಲೊದಲ್ಲಿ ಸುಮಾರು 30 ಮೆಗಾಜೌಲ್ ಇರುತ್ತದೆ. ಒಳಗೆ ಹೋದದ್ದು 180 ಮೆಗಾಜೌಲ್, ಹೊರಬಂದದ್ದು 90. ಶಕ್ತಿಯ ದೃಷ್ಟಿಯಿಂದ ದಕ್ಷತೆ ಶೇ. 50. ತಂತ್ರಾಂಶ ಕೇಳುವುದು ಈ ಎರಡನೆಯ ಅಂಕಿಯನ್ನು. ಗೂಡಿನವನು ಹೇಳುವುದು ಮೊದಲನೆಯದನ್ನು. ಅವನು ಹೇಳಿದ 30ನ್ನು ಹಾಗೆಯೇ ದಕ್ಷತೆಯ ಸಾಲಿನಲ್ಲಿ ತುಂಬಿದರೆ, ಅದೇ 90 ಮೆಗಾಜೌಲ್ ಇದ್ದಿಲಿಗೆ 300 ಮೆಗಾಜೌಲ್, ಅಂದರೆ ಸುಮಾರು 16.7 ಕಿಲೊ ಕರಟ ಬೇಕೆಂದು ಲೆಕ್ಕ ಬರುತ್ತದೆ. ಗೂಡು ತಿನ್ನುವುದಕ್ಕಿಂತ ಮೂರನೇ ಎರಡು ಪಾಲು ಹೆಚ್ಚು ಕರಟ ಕಾಗದದ ಮೇಲೆ ಉರಿದುಹೋಗುತ್ತದೆ. ಮರದ ಇದ್ದಿಲಿನ ವಿಷಯದಲ್ಲಿ ಇದೇ ತಪ್ಪು ಕಾಡಿನ ನಾಶವನ್ನು ಅಷ್ಟೇ ಪ್ರಮಾಣದಲ್ಲಿ ಉಬ್ಬಿಸಿ ತೋರಿಸುತ್ತದೆ.

ಇನ್ನೊಂದು ತೊಡಕು ಬಳಕೆಯ ಕುರಿತಾದುದು. ಕರಟದ ಇದ್ದಿಲಿನ ದೊಡ್ಡ ಪಾಲು ಒಲೆಗೆ ಹೋಗುವುದಿಲ್ಲ. ನೀರು, ಗಾಳಿ, ಆಹಾರ ಪದಾರ್ಥಗಳನ್ನು ಶುದ್ಧಿಮಾಡಲು ಬಳಸುವ ಸಕ್ರಿಯ ಇಂಗಾಲವಾಗಿ ಮಾರ್ಪಡುತ್ತದೆ. ಅಂಥ ಇದ್ದಿಲನ್ನು ಬೇಡಿಕೆಯ ಹಂತದಲ್ಲಿ ‘ಶಕ್ತ್ಯೇತರ ಬಳಕೆ’ ಎಂದು ದಾಖಲಿಸಬೇಕು. ಇಲ್ಲವಾದರೆ ಉರಿಯದ ಇದ್ದಿಲಿಗೂ ಹೊಗೆಯ ಲೆಕ್ಕ ಬೀಳುತ್ತದೆ.

ಮೂರನೆಯ ಪ್ರಶ್ನೆ ಉಳಿದಿದೆ: ಕಳೆದುಹೋದ ಅರ್ಧ ಎಲ್ಲಿ ಹೋಯಿತು? ತಂತ್ರಾಂಶದ ಭಾಷೆಯಲ್ಲಿ ಅದಕ್ಕೆ ‘ನಷ್ಟ’ ಎಂಬ ಒಂದೇ ಹೆಸರು. ಸ್ಥಳದಲ್ಲಿ ಅದು ಹೊಗೆ, ಡಾಂಬರಿನಂಥ ಜಿಗಟು ದ್ರವ, ಕೆಂಡವನ್ನು ಆರಿಸಲು ಸುರಿದ ನೀರು. ಆ ನೀರು ಬಾವಿಗಳಿಗೆ ಇಳಿಯುತ್ತದೆ ಎಂಬುದು ಕಾಂಗೇಯಂ ಸುತ್ತಿನ ರೈತರ ದೂರು. ದಕ್ಷತೆಯ ಒಂದು ಅಂಕಿಯಲ್ಲಿ ಅಡಗಿರುವ ಆ ‘ನಷ್ಟ’ವು ಯಾರೋ ಒಬ್ಬರ ಹೊಲದಲ್ಲಿ ಇಳಿದು ನಿಲ್ಲುತ್ತದೆ.

ತನ್ನ ಉರಿ ತಾನೇ: ಆಲೆಮನೆ ಮತ್ತು ಎಥೆನಾಲ್ ಭಟ್ಟಿ

ನಾಲ್ಕನೆಯ ಪ್ರಶ್ನೆಗೆ, ಅಂದರೆ ಕುದಿಸುವ ಉರಿಯ ಪ್ರಶ್ನೆಗೆ, ಆಲೆಮನೆಗಿಂತ ಒಳ್ಳೆಯ ನಿದರ್ಶನವಿಲ್ಲ. ಮಂಡ್ಯದ ಆಲೆಮನೆಯಲ್ಲಾಗಲಿ ಭವಾನಿಯ ಕೆಳಹರಿವಿನ ಕವುಂದಪಾಡಿ ಸೀಮೆಯಲ್ಲಾಗಲಿ, ಕಬ್ಬನ್ನು ಅರೆದ ಮೇಲೆ ಉಳಿದ ಸಿಪ್ಪೆಯನ್ನು ಅಂಗಳದಲ್ಲಿ ಒಣಗಿಸಿ ಕೊಪ್ಪರಿಗೆಯ ಕೆಳಗಿನ ಒಲೆಗೆ ಹಾಕುತ್ತಾರೆ. ಹೊರಗಿನಿಂದ ಸೌದೆ ತರುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಲೀಪ್‌ನಲ್ಲಿ ಇದನ್ನು ನಿರೂಪಿಸುವಾಗ ಸಿಪ್ಪೆಯನ್ನು ಸ್ವಬಳಕೆಯೆಂದು ಕಾಣಿಸಬೇಕು. ಹೊರಗಿನಿಂದ ಬರುವ ಪೂರಕ ಇಂಧನವೆಂದು ಬರೆದರೆ ಒಂದೇ ಸಿಪ್ಪೆ ಎರಡು ಸಲ ಎಣಿಕೆಯಾಗುತ್ತದೆ. ಏನನ್ನೂ ಬರೆಯದಿದ್ದರೆ ಅದೇ ಸಿಪ್ಪೆಯನ್ನು ವಿದ್ಯುತ್ ತಯಾರಿಕೆಗೆ ‘ಲಭ್ಯವಿರುವ ಸಂಪನ್ಮೂಲ’ವೆಂದು ಇನ್ನೊಬ್ಬ ಯೋಜಕ ಎತ್ತಿಕೊಳ್ಳುತ್ತಾನೆ, ಆಲೆಮನೆಯ ಒಲೆ ಕಾಗದದ ಮೇಲೆ ಆರುತ್ತದೆ.

ಎಥೆನಾಲಿನ ತೊಡಕು ಬೇರೆ ಬಗೆಯದು. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಎಥೆನಾಲ್ ತಯಾರಾಗುತ್ತದೆ. ಆದರೆ ಕಬ್ಬು ಅರೆಯುವುದು ಮೂಲತಃ ಸಕ್ಕರೆಗಾಗಿ, ಮತ್ತು ಸಕ್ಕರೆ ತಂತ್ರಾಂಶದ ದೃಷ್ಟಿಯಲ್ಲಿ ಇಂಧನವೇ ಅಲ್ಲ. ಬೇಡಿಕೆಯಿಂದ ಹಿಂದಕ್ಕೆ ಸಾಗುವ ಗಣನೆಗೆ ಇದು ಕಾಣದು. ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ಬರೆದೊಡನೆ, ಅದಕ್ಕೆ ಬೇಕಾದಷ್ಟು ಕಾಕಂಬಿ ಹುಟ್ಟುತ್ತದೆ ಎಂದು ಅದು ನಂಬುತ್ತದೆ. ವಾಸ್ತವದಲ್ಲಿ ಕಾಕಂಬಿಗೆ ಮಿತಿ ಇದೆ. ಆ ಮಿತಿಯನ್ನು ಹಾಕುವುದು ಪೆಟ್ರೋಲ್ ಬಂಕಲ್ಲ, ಮಳೆ. ಭಾರತ ಶೇ. 10ರ ಮಿಶ್ರಣವನ್ನು 2022ರಲ್ಲಿ ತಲುಪಿತು, ಶೇ. 20ರ ಗುರಿಯನ್ನು 2030ರಿಂದ 2025–26ಕ್ಕೆ ಹಿಂದಕ್ಕೆ ತಂದಿತು. 2023ರ ಡಿಸೆಂಬರಿನಲ್ಲಿ ಕಬ್ಬಿನ ಇಳುವರಿ ಕುಸಿಯುವ ಸೂಚನೆ ಕಂಡಾಗ ಕಬ್ಬಿನ ಹಾಲಿನಿಂದ ನೇರವಾಗಿ ಎಥೆನಾಲ್ ತಯಾರಿಸುವುದನ್ನು ಕೇಂದ್ರ ಸರ್ಕಾರವೇ ತಡೆಯಬೇಕಾಯಿತು. ಆದ್ದರಿಂದ ಕಾಕಂಬಿಯನ್ನು ವರ್ಷಕ್ಕೆ ಇಷ್ಟೇ ಎಂಬ ಮೇಲ್ಮಿತಿಯುಳ್ಳ ಸಂಪನ್ಮೂಲವಾಗಿ ನಿರೂಪಿಸಿ, ಕೊರತೆಗೆ ಪ್ರತ್ಯೇಕ ನಿಯಮವನ್ನು ಬರೆಯುವುದು ಯುಕ್ತ. ಧಾನ್ಯದಿಂದ ಬರುವ ಎಥೆನಾಲಿಗೆ ಬೇರೆಯದೇ ಆದ ಘಟಕ ಬೇಕು.

ಒಂದರಿಂದ ಹಲವು: ತೈಲ ಶುದ್ಧೀಕರಣಾಗಾರ

ಅತ್ಯಂತ ಜಟಿಲವಾದದ್ದು ಶುದ್ಧೀಕರಣಾಗಾರ. ಕಚ್ಚಾತೈಲ ಒಂದೇ, ಹುಟ್ಟುವಳಿ ಹಲವು. ಅಡುಗೆ ಅನಿಲ, ಪೆಟ್ರೋಲ್, ನಾಫ್ತಾ, ಸೀಮೆಎಣ್ಣೆ, ಡೀಸೆಲ್, ಕುಲುಮೆ ಎಣ್ಣೆ, ಡಾಂಬರು ಎಲ್ಲವೂ ಬಹುಮಟ್ಟಿಗೆ ನಿಗದಿತ ಪ್ರಮಾಣದಲ್ಲಿ ಒಟ್ಟಿಗೇ ಬರುತ್ತವೆ. ಮಂಗಳೂರಿನ ಶುದ್ಧೀಕರಣಾಗಾರಕ್ಕೆ ಇಂದು ವರ್ಷಕ್ಕೆ 150 ಲಕ್ಷ ಟನ್ ಕಚ್ಚಾತೈಲವನ್ನು ಸಂಸ್ಕರಿಸುವ ಸಾಮರ್ಥ್ಯವಿದೆ. ಕೊಯಮತ್ತೂರಿಗೆ ಕೊಚ್ಚಿಯ ಶುದ್ಧೀಕರಣಾಗಾರದ ಪೆಟ್ರೋಲು, ಡೀಸೆಲುಗಳು ಕೊಳವೆಮಾರ್ಗದಲ್ಲಿ ಇರುಗೂರಿನ ಸಂಗ್ರಹಾಗಾರಕ್ಕೆ ಬರುತ್ತವೆ. ಅದೇ ಮಾರ್ಗ ಕರೂರಿನವರೆಗೆ ಮುಂದುವರಿಯುತ್ತದೆ.

ಇಲ್ಲಿ ಮೊದಲು ತೀರ್ಮಾನಿಸಬೇಕಾದುದು ಎಲ್ಲೆ. ಅಧ್ಯಯನದ ವ್ಯಾಪ್ತಿ ಕೊಯಮತ್ತೂರು ಜಿಲ್ಲೆ ಮಾತ್ರವಾದರೆ ಕೊಚ್ಚಿಯ ಘಟಕ ಎಲ್ಲೆಯ ಹೊರಗೆ. ಇರುಗೂರಿಗೆ ಬರುವುದೆಲ್ಲ ‘ಆಮದು’. ವ್ಯಾಪ್ತಿ ಇಡೀ ದೇಶವಾದರೆ ಅದು ಒಳಗೆ. ಎರಡೂ ಸರಿಯೇ. ಆದರೆ ಜಿಲ್ಲೆಯ ಬೇಡಿಕೆಯನ್ನೂ ದೇಶದ ಘಟಕವನ್ನೂ ಒಂದೇ ಪ್ರತಿರೂಪದಲ್ಲಿ ಬೆಸೆದರೆ ಫಲಿತಾಂಶಕ್ಕೆ ಅರ್ಥ ಉಳಿಯುವುದಿಲ್ಲ.

ಮುಂದಿನದು ಆದ್ಯತೆಯ ಪ್ರಶ್ನೆ. ಒಂದು ಸನ್ನಿವೇಶವನ್ನು ಭಾವಿಸಬಹುದು: ದೇಶದಾದ್ಯಂತ ನೂಲು ಕುದಿಸುವ, ಬಣ್ಣ ಹಾಕುವ ಸಣ್ಣ ಘಟಕಗಳೂ ಮನೆಗಳೂ ಸೌದೆಯನ್ನು ಬಿಟ್ಟು ಅಡುಗೆ ಅನಿಲಕ್ಕೆ ಬದಲಾಗಿ, ಅನಿಲದ ಬೇಡಿಕೆ 1 ಲಕ್ಷ ಟನ್ ಏರಿತು ಎಂದಿಟ್ಟುಕೊಳ್ಳೋಣ. ಶುದ್ಧೀಕರಣಾಗಾರದ ಹುಟ್ಟುವಳಿಯಲ್ಲಿ ಅಡುಗೆ ಅನಿಲದ ಪಾಲು ಸ್ಥೂಲವಾಗಿ ನೂರಕ್ಕೆ ಐದು. ತಂತ್ರಾಂಶದಲ್ಲಿ ಅನಿಲವನ್ನು ‘ಆದ್ಯತೆಯ ಹುಟ್ಟುವಳಿ’ ಎಂದು ಗುರುತಿಸಿದ್ದರೆ, ಆ 1 ಲಕ್ಷ ಟನ್ನಿಗಾಗಿ 20 ಲಕ್ಷ ಟನ್ ಕಚ್ಚಾತೈಲವನ್ನು ಅದು ಸಂಸ್ಕರಿಸಿಬಿಡುತ್ತದೆ. ಜೊತೆಗೆ ಬಂದ ಸುಮಾರು 19 ಲಕ್ಷ ಟನ್ ಇತರ ಪದಾರ್ಥಗಳು ರಫ್ತಾಗಿ ಅಥವಾ ನಷ್ಟವಾಗಿ ಕಾಣಿಸಿಕೊಳ್ಳುತ್ತವೆ. ವರದಿಯಲ್ಲಿ ಸೌದೆಯಿಂದ ಅನಿಲಕ್ಕೆ ಬದಲಾಗುವುದು ಭಾರಿ ದುಬಾರಿಯೂ ಹೊಗೆಯ ಕಾರ್ಖಾನೆಯೂ ಆಗಿ ತೋರುತ್ತದೆ.

ಸೌದೆಯ ಹೊಗೆಯಲ್ಲಿ ನಿಂತು ನೂಲು ಕುದಿಸುವವರಿಗೆ ಅನಿಲ ತಲುಪಬೇಕೇ ಬೇಡವೇ ಎಂಬುದನ್ನು ಆಗ ಒಂದು ತಪ್ಪು ಗುರುತು ನಿರ್ಧರಿಸಿದಂತಾಗುತ್ತದೆ. ಭಾರತ ತನಗೆ ಬೇಕಾದ ಅಡುಗೆ ಅನಿಲದ ಸುಮಾರು ಶೇ. 60ನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಪೆಟ್ರೋಲು, ಡೀಸೆಲುಗಳನ್ನು ರಫ್ತು ಮಾಡುತ್ತದೆ. ಆದ್ದರಿಂದ ಘಟಕದ ನಡೆಯನ್ನು ಡೀಸೆಲ್, ಪೆಟ್ರೋಲುಗಳ ಬೇಡಿಕೆ ಮತ್ತು ರಫ್ತಿನ ಗುರಿಗೆ ಜೋಡಿಸಿ, ಅನಿಲದ ಕೊರತೆಯನ್ನು ಆಮದಿನಿಂದ ತುಂಬುವಂತೆ ಬರೆಯುವುದೇ ವಾಸ್ತವಕ್ಕೆ ಹತ್ತಿರ. ಹಾಗೆ ಬರೆದಾಗ ಅದೇ ಸನ್ನಿವೇಶ 1 ಲಕ್ಷ ಟನ್ ಅನಿಲದ ಆಮದನ್ನಷ್ಟೇ ಕೇಳುತ್ತದೆ. ಆಗ ಚರ್ಚೆ ವಿದೇಶಿ ವಿನಿಮಯ, ಸಹಾಯಧನಗಳ ಕಡೆಗೆ ಹೊರಳುತ್ತದೆ. ಅದು ಸರಿಯಾದ ಚರ್ಚೆ.

ಇಂಧನವೋ, ಕಚ್ಚಾವಸ್ತುವೋ: ಭವಾನಿ ದಡದ ಗಿರಣಿ

ಕೆಲವು ಕಾರ್ಖಾನೆಗಳು ಇಂಧನ ಘಟಕಗಳೆಂದು ಯಾರಿಗೂ ತೋರುವುದಿಲ್ಲ. ಸಿರುಮುಗೈಯಲ್ಲಿದ್ದ ಸೌತ್ ಇಂಡಿಯಾ ವಿಸ್ಕೋಸ್ ಕಾರ್ಖಾನೆ ನೀಲಗಿರಿ ಬೆಟ್ಟಗಳ ನೆಡುತೋಪುಗಳ ಮರವನ್ನು ತಿರುಳು ಮಾಡಿ, ಅದರಿಂದ ರೇಯಾನ್ ತಯಾರಿಸುತ್ತಿತ್ತು. ಅದರ ತ್ಯಾಜ್ಯನೀರು ಭವಾನಿಗೆ ಸೇರುವ ವಿಷಯ 1990ರ ದಶಕದಲ್ಲಿ ರೈತರ, ಕುಡಿಯುವ ನೀರಿನ ಬಳಕೆದಾರರ ಪ್ರತಿಭಟನೆಗೆ ಕಾರಣವಾಯಿತು. ಬಳಿಕ ಕಾರ್ಖಾನೆ ಮುಚ್ಚಿತು.

ಶಕ್ತಿಯ ಲೆಕ್ಕದಲ್ಲಿ ಅಂಥ ಗಿರಣಿಯ ಸ್ಥಾನವೇನು? ತಿರುಳಾಗುವ ಮರ ಕಚ್ಚಾವಸ್ತು. ಅದನ್ನು ಸೌದೆಯ ಬೇಡಿಕೆಯಲ್ಲಿ ಸೇರಿಸುವಂತಿಲ್ಲ. ಗಿರಣಿ ಬಳಸುವ ಉಗಿ, ವಿದ್ಯುತ್ತುಗಳು ಕೈಗಾರಿಕಾ ಬೇಡಿಕೆ. ಆದರೆ ರಾಸಾಯನಿಕ ವಿಧಾನದಿಂದ ತಿರುಳು ತೆಗೆಯುವಲ್ಲೆಲ್ಲ ಮರದ ಸ್ಥೂಲವಾಗಿ ಅರ್ಧ ಭಾಗ ಬೇಯಿಸಿದ ದ್ರಾವಣದಲ್ಲಿ ಕರಗಿ ಉಳಿಯುತ್ತದೆ. ಆ ದ್ರಾವಣವನ್ನು ಗಟ್ಟಿಮಾಡಿ ಕುಲುಮೆಯಲ್ಲಿ ಉರಿಸುವ ಗಿರಣಿಗಳು ತಮಗೆ ಬೇಕಾದ ಉಗಿಯ ದೊಡ್ಡ ಪಾಲನ್ನು ಅದರಿಂದಲೇ ಪಡೆಯುತ್ತವೆ, ರಾಸಾಯನಿಕಗಳನ್ನೂ ಮರಳಿ ಗಳಿಸುತ್ತವೆ. ಅಲ್ಲಿ ಗಿರಣಿಯೊಳಗೇ ಒಂದು ಇಂಧನ ಸಂಸ್ಕರಣ ಘಟಕ ಅಡಗಿದೆ ಎಂದಾಯಿತು. ಉರಿಸದೆ ಬಿಟ್ಟರೆ ಅದೇ ವಸ್ತು ತ್ಯಾಜ್ಯ. ಪ್ರತಿರೂಪದಲ್ಲಿ ಈ ದ್ರಾವಣಕ್ಕೆ ಒಂದು ಸಾಲು ಇದ್ದರೆ, ಅದು ಕುಲುಮೆಗೆ ಹೋಯಿತೇ ನದಿಗೆ ಹೋಯಿತೇ ಎಂದು ಕೇಳಲು ಸಾಧ್ಯ. ಸಾಲೇ ಇಲ್ಲದಿದ್ದರೆ ಪ್ರಶ್ನೆಯೂ ಇಲ್ಲ. ಲೀಪ್‌ನಲ್ಲಿ ಪ್ರತಿಯೊಂದು ಪ್ರಕ್ರಿಯೆಗೂ ಅದರ ಪರಿಸರ ಭಾರವನ್ನು ಜೋಡಿಸುವ ಸೌಲಭ್ಯವಿದೆ. ಹೊಗೆಯ ಅಂಕಿಗಳನ್ನು ಬಹುತೇಕ ಎಲ್ಲರೂ ತುಂಬುತ್ತಾರೆ; ನೀರಿನ ಅಂಕಿಗಳನ್ನು ತುಂಬುವವರು ವಿರಳ.

ಕರ್ನಾಟಕದ ಎರಡು ಪಾಠಗಳು

ಈ ವಿವೇಕ ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಸ್ಥಾಪಿಸಿದ ‘ಅಸ್ತ್ರ’ ಕೇಂದ್ರ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಾಮುದಾಯಿಕ ಜೈವಿಕ ಅನಿಲ ಸ್ಥಾವರವನ್ನು ಕಟ್ಟಿತು. ಮೊದಲ ಉದ್ದೇಶ ಅಡುಗೆಗೆ ಅನಿಲ ಒದಗಿಸುವುದು. ಎಲ್ಲ ಮನೆಗಳ ಒಲೆಗೂ ಸಾಲುವಷ್ಟು ಸಗಣಿ ಊರಿನಲ್ಲಿರಲಿಲ್ಲ. 1987ರಿಂದ ಅದೇ ಅನಿಲವನ್ನು ಡೀಸೆಲ್ ಜೊತೆ ಎಂಜಿನ್ನಿನಲ್ಲಿ ಉರಿಸಿ ಕುಡಿಯುವ ನೀರನ್ನೂ ದೀಪವನ್ನೂ ಕೊಡಲಾಯಿತು. ಸಗಣಿ ತಂದವರಿಗೆ ಹಣದ ಜೊತೆಗೆ ಗೊಬ್ಬರವಾಗಿ ಬಗ್ಗಡ ಮರಳುತ್ತಿತ್ತು. ಶಕ್ತಿಯ ತಂತ್ರಾಂಶಕ್ಕೆ ಆ ಬಗ್ಗಡದ ಬೆಲೆ ಸೊನ್ನೆ, ಅದು ಇಂಧನವಲ್ಲ. ಊರಿನವರಿಗೆ ಅದು ಹೊಲದ ಸಾರ. ಅದು ಮರಳದಿದ್ದರೆ ಸಗಣಿಯೇ ಬರುತ್ತಿರಲಿಲ್ಲ. ಸಗಣಿಯ ಲಭ್ಯತೆಗೆ ಮೇಲ್ಮಿತಿ, ಬಗ್ಗಡಕ್ಕೆ ಸಹೋತ್ಪನ್ನವೆಂಬ ಸ್ಥಾನ ಎರಡನ್ನೂ ಬರೆಯದ ಪ್ರತಿರೂಪಕ್ಕೆ ಪುರದ ಸೋಲೂ ಅರ್ಥವಾಗದು, ಗೆಲುವೂ ಅರ್ಥವಾಗದು.

ಎರಡನೆಯ ಪಾಠ ರಾಜ್ಯದ ಮಟ್ಟದ್ದು. 1987ರಲ್ಲಿ ಕರ್ನಾಟಕದ ವಿದ್ಯುತ್ ಯೋಜನೆಗಳ ದೀರ್ಘಾವಧಿ ಸಮಿತಿ, 2000ನೇ ಇಸವಿಗೆ ಸುಮಾರು 9,400 ಮೆಗಾವಾಟ್ ಸಾಮರ್ಥ್ಯ ಬೇಕೆಂದು ಅಂದಾಜಿಸಿತು. ರೆಡ್ಡಿ ಮತ್ತು ಸಂಗಡಿಗರು ಅಂತಿಮ ಬಳಕೆಯಿಂದ ಲೆಕ್ಕ ಆರಂಭಿಸಿ, ದೀಪ, ಪಂಪು, ನೀರು ಕಾಯಿಸುವಿಕೆ ಒಂದೊಂದನ್ನೂ ಬೇರೆಬೇರೆಯಾಗಿ ಎಣಿಸಿ, ಸುಮಾರು 4,000 ಮೆಗಾವಾಟ್ ಸಾಕೆಂದು 1991ರಲ್ಲಿ ತೋರಿಸಿದರು. ಎರಡೂ ಲೆಕ್ಕಗಳಲ್ಲಿ ಗಣಿತ ಒಂದೇ. ಕೇಳಿದ ಪ್ರಶ್ನೆಗಳು ಬೇರೆ.

ಪರಿಭಾಷೆ ಮತ್ತು ಕ್ಷೇತ್ರಕಾರ್ಯ

ಪ್ರಶ್ನೆಗಳನ್ನು ಯಾವ ನುಡಿಯಲ್ಲಿ ಕೇಳಲಾಗುತ್ತದೆ ಎಂಬುದೂ ಇಲ್ಲಿ ಮುಖ್ಯವಾಗುತ್ತದೆ. ಆಧಾರ ವರ್ಷದ ಅಂಕಿಗಳಲ್ಲಿ ದೊಡ್ಡ ಸ್ಥಾವರಗಳವು ಮುದ್ರಿತ ವರದಿಗಳಲ್ಲಿ ಸಿಗುತ್ತವೆ. ಗೂಡು, ಆಲೆಮನೆ, ನೂಲು ಕುದಿಸುವ ಕೊಪ್ಪರಿಗೆಗಳ ಅಂಕಿಗಳು ಜನರ ಬಾಯಲ್ಲಿವೆ. ಕೊಯಮತ್ತೂರು, ತಿರುಪ್ಪೂರುಗಳಲ್ಲಿ ಆ ಬಾಯಿಗಳು ತಮಿಳಿನ ಜೊತೆಗೆ ಕನ್ನಡವನ್ನೂ ತೆಲುಗನ್ನೂ ಆಡುತ್ತವೆ. ಕನ್ನಡದಲ್ಲಿ ಇದಕ್ಕೆ ಬೇಕಾದ ಮಾತುಗಳ ಕೊರತೆಯಿಲ್ಲ. ಒಳಸುರಿ, ಇಳುವರಿ, ಹುಟ್ಟುವಳಿ, ಸಿಪ್ಪೆ, ಬಗ್ಗಡ, ಕೊರತೆ, ಮಿಗತೆ ಎಲ್ಲವೂ ರೈತರು, ಕಸುಬುದಾರರು ಬಲ್ಲ ಪದಗಳೇ. ಜಾಗ್ರತೆ ಬೇಕಾದುದು ಒಂದೇ ಕಡೆ: ಇಳುವರಿ ತೂಕದ ಮಾತು, ದಕ್ಷತೆ ಶಕ್ತಿಯ ಮಾತು. ಒಂದನ್ನು ಇನ್ನೊಂದಕ್ಕೆ ಪರ್ಯಾಯವಾಗಿ ಬಳಸಿದರೆ ಕರಟದ ಲೆಕ್ಕದಲ್ಲಿ ಕಂಡ ತಪ್ಪು ಅನುವಾದದಲ್ಲೇ ನುಸುಳುತ್ತದೆ.

ಹೀಗಾಗಿ ಪ್ರಶ್ನಾವಳಿಯನ್ನು ಸಿದ್ಧಪಡಿಸುವವರು ‘ನಿಮ್ಮ ಘಟಕದ ದಕ್ಷತೆಯೆಷ್ಟು’ ಎಂದು ಕೇಳದೆ, ಎಷ್ಟು ತೂಕ ಹಾಕಿದಿರಿ, ಎಷ್ಟು ತೂಕ ಬಂತು, ಹಾಕಿದ್ದು ಒಣಗಿತ್ತೇ ಹಸಿಯಾಗಿತ್ತೇ, ಉರಿಗೆ ಏನು ಬಳಸಿದಿರಿ, ಉಳಿದದ್ದನ್ನು ಎಲ್ಲಿಗೆ ಬಿಟ್ಟಿರಿ ಎಂದು ಕೇಳುವುದು ಲೇಸು. ದಕ್ಷತೆಯನ್ನು ಆ ಉತ್ತರಗಳಿಂದ ಲೆಕ್ಕ ಹಾಕಿಕೊಳ್ಳಬಹುದು. ಕೊನೆಯ ಪ್ರಶ್ನೆಯ ಉತ್ತರವನ್ನು ಮಾತ್ರ ಬೇರೆ ಯಾವ ಅಂಕಿಯಿಂದಲೂ ಪಡೆಯಲಾಗದು. ಅದನ್ನು ಸ್ಥಳದಲ್ಲೇ ಕೇಳಿ ಬರೆದುಕೊಳ್ಳಬೇಕು.